ಕಾಲುಸಂಕಕ್ಕಾಗಿ ಮತದಾನ ಬಹಿಷ್ಕಾರ ಮಾಡಬೇಕಾ? ಬೇರೆ ದಾರಿ ಇದ್ದರೆ ಹೇಳಿ

ಪ್ರಶ್ನೆ: ಹಳ್ಳದಾಚೆ ಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಮೂಲೆಯ ಒಂದು ಊರು. ಶಾಲೆ, ಸೊಸೈಟಿ, ಬಸ್ಸು ನಿಲ್ಲುವ ಜಾಗ ಎಲ್ಲ ಹಳ್ಳದ ಆ ಕಡೆ. ನಾವು ಹದಿನಾಲ್ಕು ಮನೆಯವರು ಈ ಕಡೆ. ಮಧ್ಯೆ ಇರುವುದು ಅಡಿಕೆ ಮರದ ಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಮಳೆಗಾಲ ಹಿಡಿಯುವ ಮುಂಚೆ ನಾವೇ ಕಟ್ಟಿಕೊಳ್ಳುತ್ತೇವೆ. ಫಸಲು ನಿಂತ ಹಳೇ ಮರ ಕಡಿದು, ನಾಲ್ಕೈದು ಒಟ್ಟಿಗೆ ಹಾಸಿ, ನೈಲಾನ್ ಹಗ್ಗದಲ್ಲಿ ಬಿಗಿಯುತ್ತೇವೆ. ಹಿಡಿದುಕೊಳ್ಳಲು ಒಂದು ಕಡೆ ಮಾತ್ರ ಬಿದಿರು ಗಳ. ಪುನರ್ವಸು ಮಳೆ ಜೋರಾಯಿತೆಂದರೆ ನೀರು ಮರಕ್ಕೆ ತಾಗಿಕೊಂಡೇ ಹರಿಯುತ್ತದೆ. ಮೇಲೆ ಪಾಚಿ, ಕಾಲಿಟ್ಟರೆ ಜಾರುತ್ತದೆ. ಆಗ ಮಕ್ಕಳ ಬ್ಯಾಗು, ಕೊಡೆ ಎಲ್ಲ ದೊಡ್ಡವರು ಹೊತ್ತುಕೊಂಡು ಒಂದೊಂದೇ ಮಗುವನ್ನು ಕೈ ಹಿಡಿದು ದಾಟಿಸಬೇಕು. ಸಂಜೆ ಮತ್ತೆ ಅದೇ. ಮಳೆ ಜಾಸ್ತಿಯಾದ ದಿನ ಯಾರಾದರೂ ಒಬ್ಬರು ಕೆಲಸ ಬಿಟ್ಟು ದಡದಲ್ಲೇ ಕಾಯುತ್ತಾರೆ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೊನ್ನೆ ಊರಿಗೆ ಹೋದಾಗ ನಮ್ಮ ದಾರಿ ತಿರುಗುವಲ್ಲಿ ಹುಡುಗರು ಫ್ಲೆಕ್ಸ್ ಕಟ್ಟಿದ್ದರು. 'ಸಂಕ ಕೊಡದೆ ವೋಟು ಕೇಳಬೇಡಿ, ಮುಂದಿನ ಚುನಾವಣೆ ಬಹಿಷ್ಕಾರ' ಅಂತ. ಹಿರಿಯರಿಗೆ ಇದು ಇಷ್ಟವಿಲ್ಲ. ಶಾಸಕರ ಮನೆಗೆ ಹೋಗಿ ಇನ್ನೊಂದು ಮನವಿ ಕೊಡೋಣ ಅನ್ನುತ್ತಾರೆ. ನಮ್ಮ ಅಣ್ಣ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರಬೇಕು ಅನ್ನುತ್ತಾನೆ. ಚಿಕ್ಕಮ್ಮ ಒಂದೇ ಮಾತು ಕೇಳಿದರು: "ಇಷ್ಟು ವರ್ಷ ಕೊಟ್ಟ ಮನವಿ ಎಲ್ಲ ಎಲ್ಲಿಗೆ ಹೋಯ್ತು?" ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ವೋಟು ಹಾಕುವುದೊಂದೇ ಅಲ್ಲದೆ ನಮ್ಮಂಥವರು ಏನು ಮಾಡಬಹುದು? ಯಾವುದರಿಂದ ನಿಜವಾಗಿ ಕೆಲಸ ಆಗುತ್ತದೆ? ದಯವಿಟ್ಟು ಪಾರ್ಟಿ ಜಗಳ ಬೇಡ, ಅನುಭವ ಇರುವವರು ಹೇಳಿ. ಇನ್ನೊಂದು ವಿಷಯ, ಹಳ್ಳದ ಆಚೆ ದಡ ಅರಣ್ಯ ಇಲಾಖೆಗೆ ಸೇರಿದ್ದು ಎಂದು ಹೇಳುತ್ತಾರೆ.


ಉತ್ತರ: ಮಾಜಿ ಸದಸ್ಯೆ, ತೀರ್ಥಹಳ್ಳಿ

ತಮ್ಮಾ, ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ. ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ನಮ್ಮಲ್ಲೂ ಸಂಕದ ಕಷ್ಟ ಇತ್ತು. ಹಾಗಾಗಿ ನಿಮ್ಮ ಚಿಕ್ಕಮ್ಮ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ.

ಮೊದಲು ಬಹಿಷ್ಕಾರದ ವಿಷಯ. ಹುಡುಗರ ಸಿಟ್ಟು ನ್ಯಾಯವಾದದ್ದೇ. ಬೋರ್ಡ್ ಕಟ್ಟಿದ ಊರಿಗೆ ಅಧಿಕಾರಿಗಳು ಬರುವುದೂ ನಿಜ, ಮತದಾನ ಕಮ್ಮಿಯಾದರೆ ಅವರನ್ನು ಮೇಲಿನವರು ಕೇಳುತ್ತಾರೆ. ಆದರೆ ಅವರು ಬರುವ ಹೊತ್ತಿಗೆ ನೀತಿ ಸಂಹಿತೆ ಜಾರಿಯಲ್ಲಿರುತ್ತದೆ. ಆಗ ಹೊಸ ಕೆಲಸ ಮಂಜೂರು ಮಾಡುವಂತಿಲ್ಲ, ಘೋಷಣೆಯನ್ನೂ ಮಾಡುವಂತಿಲ್ಲ. ಸಿಗುವುದು ಬಾಯಿಮಾತು ಮಾತ್ರ. ಬಾಯಿಮಾತು ಚುನಾವಣೆ ಮುಗಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಇನ್ನು ಲೆಕ್ಕ ನೋಡಿ. ಹದಿನಾಲ್ಕು ಮನೆ ಅಂದರೆ ಒಂದು ನಲವತ್ತು ವೋಟು ಇರಬಹುದು. ವಿಧಾನಸಭೆ ಕ್ಷೇತ್ರದ ಲಕ್ಷ ದಾಟುವ ವೋಟಿನಲ್ಲಿ ಅದು ಕಾಣಿಸುವುದೂ ಇಲ್ಲ. ನೋಟಾ ಒತ್ತಿದರೂ ಅಷ್ಟೇ. 2013ರಿಂದ ಆ ಬಟನ್ ಇದೆ. ಆದರೆ ನೋಟಾಗೆ ಎಷ್ಟೇ ಬರಲಿ, ಅಭ್ಯರ್ಥಿಗಳಲ್ಲಿ ಯಾರಿಗೆ ಜಾಸ್ತಿ ಬಿದ್ದಿದೆಯೋ ಅವರೇ ಗೆಲ್ಲುವುದು. ಅದೇ ನಲವತ್ತು ವೋಟು ಪಂಚಾಯಿತಿ ಚುನಾವಣೆಯಲ್ಲಿ ನಿಮ್ಮ ವಾರ್ಡಿನ ಫಲಿತಾಂಶವನ್ನೇ ತಿರುಗಿಸುತ್ತದೆ. ಅಲ್ಲಿ ಪಾರ್ಟಿ ಚಿಹ್ನೆಯೂ ಇಲ್ಲ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ನಿಮ್ಮ ಚಿಕ್ಕಮ್ಮ ನಿಲ್ಲಲಿ ಅಂತ ನಾನು ಮನಸಾರೆ ಹೇಳುತ್ತೇನೆ. ಅಂಥ ಪ್ರಶ್ನೆ ಕೇಳುವವರು ಒಳಗೆ ಕೂರಬೇಕು.

ಈಗ ಮನವಿಗಳು ಎಲ್ಲಿ ಹೋದವು ಅನ್ನುವುದು. ಶಾಸಕರ ಕೈಗೆ ಕೊಟ್ಟಿರಿ, ಅವರು ಪಕ್ಕದವರ ಕೈಗೆ ಕೊಟ್ಟರು, ಫೋಟೋ ತೆಗೆದರು. ಟಪಾಲಿನಲ್ಲಿ ದಾಖಲಾಗಲಿಲ್ಲ, ನಂಬರ್ ಬೀಳಲಿಲ್ಲ. ನಂಬರ್ ಬೀಳದ ಕಾಗದಕ್ಕೆ ಯಾರೂ ಜವಾಬ್ದಾರರಲ್ಲ. ಮನವಿ ಕೊಡಬೇಡಿ ಅನ್ನುತ್ತಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.

ಆದರೆ ನಿಜವಾದ ಜಾಗ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಮಾಡಲೇಬೇಕು. ಅದಕ್ಕೆ ಮುಂಚೆ ವಾರ್ಡ್ ಸಭೆ. ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಮ್ಮಿಯೋ ಅಷ್ಟು ಜನ ಇರಬೇಕು. ನಿಮ್ಮ ಕಡೆಯಿಂದ ಮನೆಗೆ ಇಬ್ಬರು ಹೋದರೆ ಸಭೆಯಲ್ಲಿ ನಿಮ್ಮದೇ ಒಂದು ದೊಡ್ಡ ಗುಂಪು.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸಭೆಗೆ ಹೋದ ತಕ್ಷಣ ಒಂದು ಉದ್ದನೆಯ ಪುಸ್ತಕ ಕೊಟ್ಟು ಸಹಿ ಮಾಡಿಸುತ್ತಾರೆ. ಜನ ಸಹಿ ಹಾಕಿ, ಟೀ ಕುಡಿದು, ಫಲಾನುಭವಿ ಪಟ್ಟಿ ಓದುವುದನ್ನು ಕೇಳಿ ಹೊರಡುತ್ತಾರೆ. ನಡಾವಳಿ ಬರೆಯುವುದು ಆಮೇಲೆ. ಸಭೆಯಲ್ಲಿ ಗಂಟಲು ಹರಿದುಕೊಂಡ ವಿಷಯ ಎಷ್ಟೋ ಸಲ ಪುಸ್ತಕದಲ್ಲಿ ಇರುವುದೇ ಇಲ್ಲ. ಅದಕ್ಕೇ ನಮ್ಮ ವಾರ್ಡಿನ ಹೆಂಗಸರು ಒಂದು ರೂಢಿ ಮಾಡಿಕೊಂಡರು. ತಮ್ಮ ವಿಷಯದ ಠರಾವು ಬರೆದು, ಅದನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎಲ್ಲರೆದುರು ಓದಿ ಹೇಳುವ ತನಕ ಜಾಗ ಬಿಟ್ಟು ಏಳುವುದಿಲ್ಲ. ಜಗಳ ಇಲ್ಲ, ಕೂಗಾಟ ಇಲ್ಲ. ಸುಮ್ನೆ ಕೂತಿರುವುದು. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಕೂತಿರುವುದು. ಠರಾವಿನ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡೇ ಮನೆಗೆ.

ಸಭೆಯ ಹೊತ್ತು ಕೂಡ ದೊಡ್ಡ ವಿಷಯ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ, ಅದೂ ಅಡಿಕೆ ಕೊನೆ ಕೊಯ್ಯುವ ಸಮಯದಲ್ಲಿ, ಹೆಂಗಸರು ಬರುವುದು ಹೇಗೆ? ಅಡಿಕೆ ಸುಲಿಯಲು ಕೂತಿರುತ್ತಾರೆ. ಒಂದು ವರ್ಷ ನಾನು ವಾರ್ಡ್ ಸಭೆಯನ್ನು ಅಡಿಕೆ ಸುಲಿಯುವ ಚಪ್ಪರದಲ್ಲೇ ಇಟ್ಟೆ. ಮೆಟ್ಟುಗತ್ತಿ ಮುಂದೆ ಕೂತು, ಕೈ ನಿಲ್ಲಿಸದೆ ಮಾತಾಡಿದರು. ಗಂಡಸರು ಬರೆಸುತ್ತಿದ್ದದ್ದು ಯಾವಾಗಲೂ ರಸ್ತೆ, ಮೋರಿ. ಅವತ್ತು ಬಂದದ್ದು ಬೇರೆಯೇ: ಬಸ್ ನಿಲ್ಲುವಲ್ಲಿ ದೀಪವಿಲ್ಲ, ಕಾಲೇಜಿಗೆ ಹೋಗುವ ಹುಡುಗಿಯರು ಕತ್ತಲಲ್ಲಿ ಇಳಿಯುತ್ತಾರೆ, ಅಂಗನವಾಡಿ ಹಿಂದಿನ ಧರೆ ಜರಿಯುತ್ತಿದೆ. ಧರೆ ಜರಿಯುವ ವಿಷಯ ಅಷ್ಟು ದಿನ ಯಾರೂ ಸಭೆಗೆ ತಂದಿರಲೇ ಇಲ್ಲ. ಮಗುವನ್ನು ಬಿಟ್ಟು ಬರುವವರು ಅವರು, ಅವರಿಗೆ ಗೊತ್ತಿತ್ತು.

ದುಡ್ಡಿನ ಮಾತು. ಗ್ರಾಮ ಪಂಚಾಯಿತಿ ಕೈಯಲ್ಲಿ ಕಾಂಕ್ರೀಟ್ ಸಂಕಕ್ಕೆ ಸಾಕಾಗುವಷ್ಟು ಇರುವುದು ಕಷ್ಟ. ಠರಾವಿನ ಪ್ರತಿ ಹಿಡಿದು ಎರಡು ಕಡೆ ಹೋಗಿ. ಒಂದು ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಅದು ವರ್ಷಕ್ಕೆ 2 ಕೋಟಿ ರೂಪಾಯಿ. ಇನ್ನೊಂದು ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ. ಅದರ ಕಚೇರಿ ಶಿವಮೊಗ್ಗದಲ್ಲೇ ಇದೆ, ನೀವು ಕೆಲಸ ಮಾಡುವ ಊರು. ಕಾಲುಸಂಕದ ಕೆಲಸ ಅವರು ಮಾಡುತ್ತಾರೆ. ಬರೀ 'ಸಂಕ ಬೇಕು' ಅನ್ನುವುದಕ್ಕಿಂತ ಎಂಜಿನಿಯರ್ ಹತ್ತಿರ ಅಳತೆ ಮಾಡಿಸಿ ಎಸ್ಟಿಮೇಟ್ ಸಮೇತ ಹೋದರೆ ಮಾತು ಬೇಗ ಮುಂದೆ ಹೋಗುತ್ತದೆ.

ಅರಣ್ಯದ ಜಾಗಕ್ಕೂ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಲಂ 3(2) ಅಂತ ಇದೆ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಹೀಗೆ ಹದಿಮೂರು ಸೌಕರ್ಯಗಳಿಗೆ ಸರ್ಕಾರ ಅರಣ್ಯ ಜಾಗ ಕೊಡಬಹುದು. ಒಂದೊಂದು ಕೆಲಸಕ್ಕೆ ಜಾಗ ಒಂದು ಹೆಕ್ಟೇರ್‌ಗಿಂತ ಕಮ್ಮಿ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ. ಗ್ರಾಮಸಭೆ ಶಿಫಾರಸು ಇಲ್ಲದೆ ಇದು ಆಗುವುದಿಲ್ಲ. ನಿಮ್ಮ ಸಂಕವನ್ನು ಊರ ದಾರಿಯ ಭಾಗವಾಗಿಯೇ ಬರೆಸಿ. ಅರಣ್ಯ ಹಕ್ಕು ಕಾಯ್ದೆಯ ಈ ಗ್ರಾಮಸಭೆಗೆ ಮಾತ್ರ ಅರ್ಧದಷ್ಟು ಜನ ಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಅಭಯಾರಣ್ಯದ ಒಳಗಿನ ಜಾಗವಾದರೆ ವನ್ಯಜೀವಿ ಕಾಯ್ದೆಯೂ ಬರುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.


ಉತ್ತರ: ಕಾರ್ಗಲ್ ಕಡೆಯವ, ಸಾಗರ ತಾಲ್ಲೂಕು

ಅಕ್ಕನ ಮಾತು ಸಂಕಕ್ಕೆ ಸರಿ. ಆದರೆ ಎಲ್ಲದಕ್ಕೂ ಕಾಗದವೇ ಸಾಕು ಅಂದುಕೊಳ್ಳಬೇಡಿ.

ನಮ್ಮ ಅಜ್ಜನ ಗದ್ದೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟು ಆದದ್ದು 1964ರಲ್ಲಿ. ಅಜ್ಜ ಅರ್ಜಿ ಕೊಟ್ಟರು, ಅಪ್ಪ ಕೊಟ್ಟರು, ಈಗ ನಾನು. ಪ್ರತಿಗಳು, ಹಿಂಬರಹಗಳು ಒಂದು ಟ್ರಂಕ್ ತುಂಬ ಇವೆ. ಎಲ್ಲದಕ್ಕೂ ನಂಬರ್ ಇದೆ, ಸೀಲು ಇದೆ. ಹಕ್ಕುಪತ್ರ ಮಾತ್ರ ಇಲ್ಲ. ನಾಡಿಗೆಲ್ಲ ಕರೆಂಟು ಕೊಟ್ಟ ಮುಳುಗಡೆಯವರು ತಾವು ಕೂತ ಜಾಗಕ್ಕೆ ಇನ್ನೂ ಅರ್ಜಿದಾರರು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳೋಣ ಅಂದರೆ, ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ಸಾಕ್ಷಿ ತೋರಿಸಬೇಕು. ಮುಳುಗಿದ ಊರಿನಿಂದ ಎದ್ದು ಬಂದವರು ಎಲ್ಲಿಂದ ತರುವುದು?

ಹಕ್ಕಿನ ಪ್ರಶ್ನೆ ಬಂದಾಗ ಜನ ಒಟ್ಟಾಗಿ ಹೊರಗೆ ಬರಲೇಬೇಕು. ನಮ್ಮ ತಾಲ್ಲೂಕಿನ ಕಾಗೋಡನ್ನೇ ನೋಡಿ. 1951ರಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಮೇಲೆ ತಕರಾರು ಎದ್ದಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಗದ್ದೆಗೆ ಇಳಿಯಬೇಡಿ ಅಂದರೂ ಇಳಿದು ಉತ್ತು ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಇಲ್ಲಿಂದ ಗೆದ್ದು ವಿಧಾನಸಭೆಗೆ ಹೋದರು. ಗದ್ದೆಯಲ್ಲಿ ಎದ್ದ ಮಾತು ಸದನಕ್ಕೆ ಹೋಯಿತು. 'ಉಳುವವನೇ ಹೊಲದೊಡೆಯ' ಅನ್ನುವುದು ಗಟ್ಟಿ ಕಾನೂನಾಗಿ ಬರಲು 1974 ಆಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ. ಆದರೆ ಬಂತು. ಬರೀ ಮನವಿ ಕೊಟ್ಟು ಕೂತಿದ್ದರೆ ಬರುತ್ತಿತ್ತಾ?

2019ರ ಜುಲೈಯಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಯೇ ಬಂದ್ ಆಯಿತು. ಸಾಹಿತಿಗಳು, ರೈತರು, ಅಂಗಡಿಯವರು, ಕಾಲೇಜು ಹುಡುಗರು ಎಲ್ಲ ಬೀದಿಗೆ ಬಂದರು. ಬಂದ್ ಮಾಡಿದರೆ ದಿನಗೂಲಿಯವರ ಅನ್ನ ಹೋಗುತ್ತದೆ, ಅದು ನನಗೂ ಗೊತ್ತು. ಹಾಗಾಗಿ ಅದನ್ನು ಸಣ್ಣದಕ್ಕೆಲ್ಲ ಬಳಸಬಾರದು. ನದಿಯೇ ಹೋಗುತ್ತದೆ ಅಂದಾಗ ಬಳಸಬೇಕು.

ಇನ್ನೊಂದು ದಾರಿ ಜನ ಅಷ್ಟಾಗಿ ಗಮನಿಸುವುದಿಲ್ಲ. ದೊಡ್ಡ ಯೋಜನೆ ಬಂದಾಗ ಪರಿಸರ ಅನುಮತಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ಮಾಡಬೇಕು, 30 ದಿನ ಮುಂಚೆ ಪತ್ರಿಕೆಯಲ್ಲಿ ತಿಳಿಸಬೇಕು. 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ (ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟು ಮಾಡುವುದು) 2025ರ ಸೆಪ್ಟೆಂಬರ್‌ನಲ್ಲಿ ಹಾಗೆ ಸಭೆ ನಡೆಯಿತು. ಸಿಂಗಳೀಕದ ಕಾಡು, ಗುಡ್ಡ ಕುಸಿಯುವ ಭಯ, ಊರಿನವರ ದಾರಿ, ಎಲ್ಲವನ್ನೂ ಜನ ಎತ್ತಿದರು. ಅಂಥ ಸಭೆಯಲ್ಲಿ ಆಡಿದ ಮಾತನ್ನು ವರದಿಯಲ್ಲಿ ಸೇರಿಸಲೇಬೇಕು. ಬಾಯಲ್ಲಿ ಹೇಳಿದ್ದನ್ನೇ ಬರೆದೂ ಕೊಡಿ.

ಲಿಂಗನಮಕ್ಕಿ ಹಿನ್ನೀರಿನ ಆಚೆಗಿರುವ ತುಮರಿ ಕಡೆಯವರಂತೂ ನೀರು ನಿಂತ ಕಾಲದಿಂದ ಸೇತುವೆ ಕೇಳಿದರು. ರಾತ್ರಿ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಗತಿ ಅನ್ನುವುದು ಅಲ್ಲಿಯ ಪ್ರತಿ ಮನೆಯ ಭಯವಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. 2.44 ಕಿಲೋಮೀಟರ್. ಮನವಿ, ಪಾದಯಾತ್ರೆ, ಧರಣಿ, ವೋಟು, ಎಲ್ಲ ಸೇರಿ ಅದು ಆಯಿತು. ಇಂಥದ್ದೇ ಒಂದರಿಂದ ಆಯಿತು ಅಂತ ಯಾರೂ ಹೇಳಲಾರರು.


ಉತ್ತರ: ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ

ಕೊಟ್ಟ ಮನವಿ ಎಲ್ಲಿದೆ ಅನ್ನುವ ಪ್ರಶ್ನೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆ. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೇಲ್ಮನವಿ, ಆಮೇಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

'ಯಾಕೆ ಸಂಕ ಕಟ್ಟಿಲ್ಲ?' ಅಂತ ಕೇಳಬೇಡಿ. 'ಯಾಕೆ' ಅನ್ನುವುದಕ್ಕೆ ಉತ್ತರ ಕೊಡುವ ಕಟ್ಟುಪಾಡು ಅವರಿಗಿಲ್ಲ. ಇರುವ ಕಾಗದವನ್ನು ಕೇಳಿ. ಹೀಗೆ ಬರೆಯಬಹುದು:

'ನಮ್ಮ ಊರಿನ ಹಳ್ಳಕ್ಕೆ ಕಾಲುಸಂಕ ಕೋರಿ ಇಂಥ ತಾರೀಖಿನಂದು ನೀಡಿದ ಮನವಿಯ ಮೇಲೆ ತೆಗೆದುಕೊಂಡ ಕ್ರಮದ ಕಡತದ ದೃಢೀಕೃತ ಪ್ರತಿ, ಟಿಪ್ಪಣಿ ಹಾಳೆಗಳ ಸಮೇತ ನೀಡುವುದು.'

ಟಿಪ್ಪಣಿ ಹಾಳೆ ಅನ್ನುವುದನ್ನು ಮರೆಯಬೇಡಿ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ನಿಂತಿತು, ಯಾರು ಏನು ಬರೆದರು ಎಲ್ಲ ಅದರಲ್ಲೇ ಇರುತ್ತದೆ. ಬೇರೆ ಇಲಾಖೆಗೆ ಸೇರಿದ ವಿಷಯವಾದರೆ ಅರ್ಜಿಯನ್ನು ವಾಪಸ್ ಕಳಿಸುವಂತಿಲ್ಲ, 5 ದಿನದೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು. ನಿಮಗೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಕಾರಣ ಹೇಳಬೇಕಾಗಿಲ್ಲ. ಅದನ್ನೂ ಕಾಯ್ದೆಯೇ ಹೇಳುತ್ತದೆ.

ಸಣ್ಣ ಊರಿನಲ್ಲಿ ಇದಕ್ಕೆ ಧೈರ್ಯ ಬೇಕು, ಅದು ನನಗೆ ಗೊತ್ತು. ನಾಳೆ ಅದೇ ಕಚೇರಿಗೆ ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಹೋಗಬೇಕು. ಶಿವಮೊಗ್ಗದಲ್ಲಿ ಕೆಲಸದಲ್ಲಿರುವ ನೀವೇ ನಿಮ್ಮ ಹೆಸರಿನಲ್ಲಿ ಹಾಕಿದರೆ ಒಳ್ಳೆಯದು. 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿದರೂ ಒಂದು ನಂಬರ್ ಸಿಗುತ್ತದೆ.


ಉತ್ತರ: ಕೊಪ್ಪದವ

ಇಷ್ಟೆಲ್ಲ ಯಾಕೆ? ಮಳೆಯಲ್ಲಿ ಮಕ್ಕಳು ದಾಟುವ ವಿಡಿಯೋ ಮಾಡಿ ಹಾಕಿ. ಟಿವಿಯವರು ಬಂದರೆ ಮರುದಿನವೇ ಎಲ್ಲರೂ ಓಡಿ ಬರುತ್ತಾರೆ.


ಉತ್ತರ: ಮಾಜಿ ಸದಸ್ಯೆ, ತೀರ್ಥಹಳ್ಳಿ

ವಿಡಿಯೋದಿಂದ ಗಮನ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಮಕ್ಕಳ ಮುಖ, ಊರು, ಶಾಲೆ ಹೆಸರು ಹಾಕಬೇಡಿ. ವಿಡಿಯೋಗೋಸ್ಕರ ತುಂಬಿದ ಹಳ್ಳದ ಮೇಲೆ ಯಾವ ಮಗುವನ್ನೂ ನಡೆಸಬೇಡಿ. ಖಾಲಿ ಸಂಕ, ಕೆಳಗೆ ಹರಿಯುವ ನೀರು, ಅಷ್ಟು ತೋರಿಸಿದರೆ ಸಾಕು. ಯಾರಾದರೂ ಓಡಿ ಬಂದರೆ ಅವರ ಕೈಗೆ ಕೊಡಲು ಠರಾವಿನ ಪ್ರತಿ ಇರಲಿ.

ಕಾರ್ಗಲ್ ಕಡೆಯ ಅಣ್ಣಾ, ನೀವು ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ. ಮುಳುಗಡೆಯವರ ವಿಷಯ ಒಂದು ಪಂಚಾಯಿತಿ, ಒಂದು ಕಚೇರಿ ಬಗೆಹರಿಸುವಂಥದ್ದಲ್ಲ. ಕಾನೂನೇ ಬದಲಾಗಬೇಕು. ಅಲ್ಲಿ ಬೀದಿಯೂ ಬೇಕು, ಸದನವೂ ಬೇಕು, ಕೋರ್ಟೂ ಬೇಕು. ಸಂಕದ ವಿಷಯ ಹಾಗಲ್ಲ. ಕಾನೂನು ಇದೆ, ದುಡ್ಡಿನ ದಾರಿ ಇದೆ, ಅದನ್ನು ಎಳೆದು ತರಬೇಕು ಅಷ್ಟೇ. ತೀರ್ಮಾನ ಯಾರ ಕೈಲಿದೆ ಅನ್ನುವುದನ್ನು ಮೊದಲು ನೋಡಬೇಕು ಅಂತ ನಾನು ಹೇಳುತ್ತಿರುವುದು. ಪಿಡಿಒ ಸಹಿಯಿಂದ ಆಗುವ ಕೆಲಸಕ್ಕೆ ಹೆದ್ದಾರಿ ತಡೆಯುವುದು ಬೇಡ. ವಿಧಾನಸಭೆಯಲ್ಲಿ ಆಗಬೇಕಾದ್ದನ್ನು ಪಿಡಿಒ ಮುಂದೆ ಬೇಡುತ್ತಾ ಕೂತರೂ ಪ್ರಯೋಜನವಿಲ್ಲ.


ಉತ್ತರ: ಹಳ್ಳದಾಚೆ ಮನೆ, ಹೊಸನಗರ ತಾಲ್ಲೂಕು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಕ್ಕಾ, ನಿಮ್ಮ ಉತ್ತರವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಿಕ್ಕಮ್ಮ ಓದಿಸಿಕೊಂಡು ಕೇಳಿದರಂತೆ. ಚುನಾವಣೆಗೆ ನಿಲ್ಲುವ ಮಾತಿಗೆ ಏನೂ ಹೇಳಲಿಲ್ಲ, ಆದರೆ ಗ್ರಾಮಸಭೆಗೆ ಹೆಂಗಸರನ್ನು ಕರೆದುಕೊಂಡು ಬರುವ ಜವಾಬ್ದಾರಿ ತಮ್ಮದು ಅಂದಿದ್ದಾರೆ. ಹುಡುಗರು ಮಾತ್ರ ಫ್ಲೆಕ್ಸ್ ಇಳಿಸಲು ಒಪ್ಪುತ್ತಿಲ್ಲ. ಮಾಹಿತಿ ಹಕ್ಕು ಅರ್ಜಿ ನಾನೇ ನನ್ನ ಹೆಸರಿನಲ್ಲಿ ಹಾಕುತ್ತೇನೆ.

ಇನ್ನೊಂದು ಸಂಶಯ. ಆಚೆ ದಡ ನಿಜವಾಗಿ ಅರಣ್ಯವೋ, ಕಂದಾಯ ಜಾಗವೋ ಅಂತ ಮೊದಲು ತಿಳಿಯುವುದು ಹೇಗೆ? ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.


ಉತ್ತರ: ಮಾಜಿ ಸದಸ್ಯೆ, ತೀರ್ಥಹಳ್ಳಿ

ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಗ್ರಾಮ ನಕ್ಷೆಯಲ್ಲಿ ಹಳ್ಳ, ಎರಡೂ ದಡದ ಸರ್ವೆ ನಂಬರ್ ಕಾಣುತ್ತದೆ. ಮಲೆನಾಡಿನಲ್ಲಿ ಪಹಣಿಯಲ್ಲಿ ಒಂದು, ಅರಣ್ಯದವರ ನಕ್ಷೆಯಲ್ಲಿ ಇನ್ನೊಂದು ಇರುವುದು ಬಹಳ. ಹಾಗಾಗಿ ಪಹಣಿ ಒಂದನ್ನೇ ನಂಬಿ ಕೆಲಸ ಶುರು ಮಾಡಿಸಬೇಡಿ, ಅರ್ಧಕ್ಕೆ ನಿಲ್ಲುತ್ತದೆ. ವಲಯ ಅರಣ್ಯಾಧಿಕಾರಿ ಕಚೇರಿಗೆ ಪತ್ರ ಕೊಟ್ಟು ಆ ಸರ್ವೆ ನಂಬರಿನ ಬಗ್ಗೆ ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ಅರಣ್ಯ ಅಂತ ಬರೆದುಕೊಟ್ಟರೆ ಅದೇ ಪತ್ರ ಇಟ್ಟುಕೊಂಡು 3(2)ರ ಅರ್ಜಿ ಹಾಕಿಸಿ. ಕಂದಾಯ ಅಂತ ಬಂದರೆ ಒಂದು ಮೆಟ್ಟಿಲು ಕಮ್ಮಿಯಾಯಿತು.

ಹುಡುಗರ ಜೊತೆ ಜಗಳ ಮಾಡಬೇಡಿ, ಅವರು ಬೇಕು. ಎಂಜಿನಿಯರ್ ಅಳತೆಗೆ ಬಂದ ದಿನ ಹಗ್ಗ ಹಿಡಿಯಲು, ಮಳೆಗಾಲದಲ್ಲಿ ನೀರು ಎಲ್ಲಿ ತನಕ ಏರುತ್ತದೆ ಅಂತ ತೋರಿಸಲು ಅವರೇ ಸರಿ. ಬೇಸಿಗೆಯಲ್ಲಿ ಬಂದ ಎಂಜಿನಿಯರ್ ಒಣಗಿದ ಹಳ್ಳ ನೋಡಿ ಎತ್ತರ ಕಮ್ಮಿ ಬರೆದರೆ, ಮೊದಲ ಮಳೆಗೇ ಸಂಕ ನೀರಿನ ಅಡಿಗೆ ಹೋಗುತ್ತದೆ. ಈ ಮಳೆಗಾಲದಲ್ಲಿ ನೀರು ಮುಟ್ಟಿದ ಎತ್ತರವನ್ನು ದಡದ ಬಂಡೆಯ ಮೇಲೆ ಬಣ್ಣದಲ್ಲಿ ಗುರುತು ಮಾಡಿಸಿ, ತಾರೀಖಿನ ಸಮೇತ ಫೋಟೋ ತೆಗೆದಿಡಿ. ಗ್ರಾಮಸಭೆ ತಾರೀಖು ಗೊತ್ತಾದ ಮೇಲೆ ತಿಳಿಸಿ, ಠರಾವಿನ ಒಕ್ಕಣೆ ಬರೆದು ಕಳಿಸುತ್ತೇನೆ.